ಬೇಸ್‌ಬಾಲ್ ಕಾರ್ಡ್‌ನ ಹಿಂದಿನ ಕಾಗದಗಳು: ಪ್ರೂಫ್, ನೆಗೆಟಿವ್, ಕಾಂಟ್ರಾಕ್ಟ್ ಸಂಗ್ರಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಬಾಲ್ ಕಾರ್ಡ್ ಗೊತ್ತು, ಆಟಗಾರನ ಚಿತ್ರ ಅಚ್ಚಾದ ಸಣ್ಣ ರಟ್ಟು. ಆದರೆ ಕಾರ್ಡ್ ತಯಾರಿಯ ಸಾಮಾನು ಅಂದರೆ ಏನು?

ನಿಮ್ಮ ಮನೆಯಲ್ಲಿ ಯಾರದಾದರೂ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದರೆ ಅರ್ಧ ವಿಷಯ ನಿಮಗೆ ಆಗಲೇ ಗೊತ್ತು. ಪ್ರೆಸ್‌ನವರು ಮೊದಲು ಒಂದು ಪ್ರೂಫ್ ಕೊಡುತ್ತಾರೆ. ಅಜ್ಜನ ಹೆಸರು ತಪ್ಪಾಗಿರುತ್ತದೆ. ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕೊಡುತ್ತೇವೆ. ಆಮೇಲೆ 500 ಪತ್ರಿಕೆ ಮನೆಗೆ ಬರುತ್ತವೆ, ತಿದ್ದಿದ ಹಾಳೆ ಕಸದ ಬುಟ್ಟಿಗೆ ಹೋಗುತ್ತದೆ. ನಮ್ಮಂಥವರು ಹುಡುಕುವುದು ಆ ತಿದ್ದಿದ ಹಾಳೆಯನ್ನು.

ಕಾರ್ಡ್ ವಿಷಯದಲ್ಲಿ ಅದು ಹಲವು ರೂಪದಲ್ಲಿ ಸಿಗುತ್ತದೆ. ಫೋಟೋಗ್ರಾಫರ್ ತೆಗೆದ ನೆಗೆಟಿವ್ ಮತ್ತು ಬಣ್ಣದ ಟ್ರಾನ್ಸ್‌ಪರೆನ್ಸಿ ಇರುತ್ತವೆ. ಚಿತ್ರಕಾರ ಕೈಯಲ್ಲಿ ಬರೆದ ಮೂಲಚಿತ್ರ ಇರುತ್ತದೆ. ಹೆಸರು, ತಂಡದ ಗುರುತು, ಅಂಚು ಎಲ್ಲವನ್ನೂ ಅಂಟಿಸಿದ ಪೇಸ್ಟ್‌ಅಪ್ ರಟ್ಟು ಇರುತ್ತದೆ. ಅದರ ಮೇಲೆ ತೆಳು ಹಾಳೆ ಮುಚ್ಚಿ "ಇಲ್ಲಿ ಕತ್ತರಿಸಿ", "ಟೋಪಿಯ ಬಣ್ಣ ಬದಲಿಸಿ" ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ನಾಲ್ಕು ಬಣ್ಣಕ್ಕೆ ನಾಲ್ಕು ಫಿಲ್ಮ್, ಆಮೇಲೆ ಪ್ರೂಫ್, ಕೊನೆಗೆ ಹಲವು ಕಾರ್ಡ್ ಒಟ್ಟಿಗೆ ಅಚ್ಚಾದ, ಕತ್ತರಿಸದ ಪೂರ್ತಿ ಶೀಟ್.

ಕಾರ್ಡೇ ಸಿಗುವಾಗ ಇದರ ಹಿಂದೆ ಯಾಕೆ ಬೀಳಬೇಕು?

ಕಾರ್ಡ್ ಎಷ್ಟೇ ಅಪರೂಪದ್ದಾದರೂ ಅದು ಪ್ರತಿ. ಅದು ಹೇಗೆ ಹುಟ್ಟಿತು ಅನ್ನುವುದು ಈ ಕಾಗದಗಳಲ್ಲಿದೆ.

ಒಂದು ಉದಾಹರಣೆ ನೋಡಿ. ಟಾಪ್ಸ್ ಅನ್ನುವ ಗಮ್ ಕಂಪನಿ 1952ರಲ್ಲಿ ತಂದ ಕಾರ್ಡ್‌ಗಳ ಸೆಟ್‌ನಲ್ಲಿ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡ್ 311ನೇ ನಂಬರಿನದು. ಅದರ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು. ಇದನ್ನು ಕೇಳಿದವರು ಆ ಕಾರ್ಡ್ ಕಡಿಮೆ ಅಚ್ಚಾಗಿತ್ತು ಅಂದುಕೊಳ್ಳುತ್ತಾರೆ. ಶೀಟ್‌ನ ಲೆಕ್ಕ ಬೇರೆಯೇ ಹೇಳುತ್ತದೆ. ಸೆಟ್‌ನಲ್ಲಿದ್ದದ್ದು 407 ಕಾರ್ಡ್. ಕೊನೆಯ ಕಂತು 311ರಿಂದ 407ರವರೆಗೆ, ಅಂದರೆ 97 ಕಾರ್ಡ್. ಶೀಟ್‌ನಲ್ಲಿ ಇದ್ದದ್ದು 100 ಜಾಗ. ಉಳಿದ 3 ಜಾಗ ತುಂಬಲು ಮೂವರನ್ನು ಎರಡೆರಡು ಸಲ ಹಾಕಿದರು: ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್. ಅಂದರೆ ಮ್ಯಾಂಟಲ್ ಕಾರ್ಡ್ ಅದೇ ಕಂತಿನ ಬೇರೆಯವರದ್ದಕ್ಕಿಂತ ಎರಡರಷ್ಟು ಅಚ್ಚಾಗಿತ್ತು!

ಹಾಗಾದರೆ ಇಡೀ ಕಂತೇ ಯಾಕೆ ಅಪರೂಪ? ಅದು ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಡಿಗೆ ಬಂತು, ಮಾರಾಟ ಆಗಲಿಲ್ಲ. ಆ ಸೆಟ್ ರೂಪಿಸಿದ ಸೈ ಬರ್ಗರ್ ಅವರೇ 1960ರಲ್ಲಿ ಉಳಿದ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ, ನ್ಯೂಜೆರ್ಸಿ ಆಚೆ ಅಟ್ಲಾಂಟಿಕ್ ಸಮುದ್ರಕ್ಕೆ ಹಾಕಿಸಿದ್ದಾಗಿ ಹೇಳಿಕೊಂಡಿದ್ದರು.

ಹೆಚ್ಚಾಗಿ ಟಾಪ್ಸ್ ಕಂಪನಿಯದ್ದೇ ಸಿಗುತ್ತದಲ್ಲ, ಯಾಕೆ?

ಅವರು ಎತ್ತಿಟ್ಟುಕೊಂಡಿದ್ದರು, ಅದಕ್ಕೇ. ಟಾಪ್ಸ್ 1938ರಲ್ಲಿ ಬ್ರೂಕ್ಲಿನ್‌ನಲ್ಲಿ ಚೂಯಿಂಗ್ ಗಮ್ ಕಂಪನಿಯಾಗಿ ಶುರುವಾಯಿತು. 1956ರಲ್ಲಿ ಎದುರಾಳಿ ಬೌಮನ್ ಕಾರ್ಡ್‌ಗಳನ್ನು ಕೊಂಡುಕೊಂಡಿತು. ಅಲ್ಲಿಂದ 1980ರವರೆಗೆ ಮಾರುಕಟ್ಟೆ ಹೆಚ್ಚುಕಡಿಮೆ ಅವರದ್ದೇ. ಹಾಗಾಗಿ ಗೋದಾಮಿನಲ್ಲಿ ದಶಕಗಳ ಫೈಲು ಉಳಿಯಿತು.

1989ರ ಆಗಸ್ಟ್‌ನಲ್ಲಿ ಅದರ ಒಂದು ಪಾಲನ್ನು ಗರ್ನ್‌ಸೀಸ್ ಅನ್ನುವ ಹರಾಜು ಸಂಸ್ಥೆ ನ್ಯೂಯಾರ್ಕ್‌ನಲ್ಲಿ ಹರಾಜು ಹಾಕಿತು. 1953ರ ಸೆಟ್‌ನ ಕಾರ್ಡ್‌ಗಳು ಕೈಯಲ್ಲಿ ಬರೆದ ಸಣ್ಣ ಚಿತ್ರಗಳಿಂದ ಆದವು. ಅವುಗಳಲ್ಲಿ ಮ್ಯಾಂಟಲ್ ಮೂಲಚಿತ್ರ ಅವತ್ತು 1,21,000 ಡಾಲರ್‌ಗೆ ಹೋಯಿತು. ಆಮೇಲೆ ಕಂಪನಿ "ಟಾಪ್ಸ್ ವಾಲ್ಟ್" ಹೆಸರಿನಲ್ಲಿ ಇಬೇಯಲ್ಲಿ ನೆಗೆಟಿವ್, ಪ್ರೂಫ್, ಕಾಂಟ್ರಾಕ್ಟ್‌ಗಳನ್ನು ಮಾರಿತು. ಆ ಮಾರಾಟದ ಪ್ರಮಾಣಪತ್ರ ಜೊತೆಗಿದ್ದರೆ ಬಿಸಾಕಬೇಡಿ. ವಸ್ತು ಎಲ್ಲಿಂದ ಬಂತು ಅನ್ನುವುದಕ್ಕೆ ಅದೇ ಸಾಕ್ಷಿ. 2022ರಲ್ಲಿ ಟಾಪ್ಸ್ ಕಾರ್ಡ್ ವ್ಯವಹಾರ ಫನಾಟಿಕ್ಸ್ ಕೈಗೆ ಹೋಯಿತು.

ಕಾರ್ಡಿಗೂ ಕಾಂಟ್ರಾಕ್ಟ್‌ಗೂ ಏನು ಸಂಬಂಧ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಆಟಗಾರ ಸಹಿ ಹಾಕದೆ ಅವನ ಮುಖ ಕಾರ್ಡ್ ಮೇಲೆ ಬರುವಂತಿಲ್ಲ. ಹಾಗಾಗಿ ಕಂಪನಿಯವರು ಕೆಳ ಹಂತದ ಮೈನರ್ ಲೀಗ್‌ನಲ್ಲಿ ಆಡುವ ಹುಡುಗರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಟಾಪ್ಸ್ ಕೊಡುತ್ತಿದ್ದದ್ದು 5 ಡಾಲರ್. ಅದಕ್ಕೆ "ಸ್ಟೇಕ್ ಮನಿ" ಅಂತ ಹೆಸರು, ಒಂದು ಒಳ್ಳೆ ಊಟದ ದುಡ್ಡು ಅಂತ. ಹುಡುಗ ಮುಂದೆ ಮೇಲಿನ ಹಂತದ ಮೇಜರ್ ಲೀಗ್ ಮುಟ್ಟಿದರೆ ವರ್ಷಕ್ಕೆ 125 ಡಾಲರ್. ದುಡ್ಡು ಬೇಡ ಅಂದರೆ ಕ್ಯಾಟಲಾಗ್ ನೋಡಿ ಮನೆಗೆ ಸಾಮಾನು ಆರಿಸಿಕೊಳ್ಳಬಹುದಿತ್ತು. ಇವತ್ತು ಆ 5 ಡಾಲರ್ ಚೆಕ್‌ಗಳೂ ಸಂಗ್ರಹದ ವಸ್ತು. ಹಿಂದೆ ಆಟಗಾರನ ಸಹಿ ಇರುತ್ತದಲ್ಲ!

ಆ ಕಾಂಟ್ರಾಕ್ಟ್‌ನ ಮಾತುಗಳು ಕಾರ್ಡ್ ಪ್ಯಾಕೆಟ್ ಒಳಗೂ ಕಾಣಿಸುತ್ತವೆ. ಟಾಪ್ಸ್ ಹಿಡಿದಿದ್ದದ್ದು ಕಾರ್ಡನ್ನು ಬಿಡಿಯಾಗಿ, ಇಲ್ಲವೇ ಗಮ್, ಮಿಠಾಯಿ ಜೊತೆ ಮಾರುವ ಹಕ್ಕು. ಅದಕ್ಕೇ 1963ರಲ್ಲಿ ಫ್ಲೀರ್ ಕಂಪನಿ ತನ್ನ ಪ್ಯಾಕೆಟ್‌ನಲ್ಲಿ ಗಮ್ ಬದಲು ಬಿಸ್ಕತ್ತು ಇಟ್ಟಿತು. ಫ್ಲೀರ್ ಮುಂದೆ ಟಾಪ್ಸ್ ವಿರುದ್ಧ ಕೋರ್ಟಿಗೆ ಹೋಗಿ 1980ರಲ್ಲಿ ಗೆದ್ದಿತು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಎರಡೂ ಗಮ್ ಜೊತೆ ಕಾರ್ಡ್ ತಂದವು. ಅದೇ ವರ್ಷ ಮೇಲಿನ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಮರುವರ್ಷದಿಂದ ಫ್ಲೀರ್ ಪ್ಯಾಕೆಟ್‌ನಲ್ಲಿ ಸ್ಟಿಕರ್, ಡಾನ್‌ರಸ್ ಪ್ಯಾಕೆಟ್‌ನಲ್ಲಿ ಜೋಡಿಸುವ ಚಿತ್ರದ ತುಂಡು. ಆಗ ಮಕ್ಕಳಾಗಿದ್ದವರಿಗೆ ಅದು ಸುಮ್ನೆ ಆಟದ ಸಾಮಾನು. ಕಾರಣ ಮಾತ್ರ ಕಾಂಟ್ರಾಕ್ಟ್‌ನ ಒಂದು ಸಾಲು.

ಯಾರ ಕಾರ್ಡ್ ಯಾವ ವರ್ಷ ಇಲ್ಲ ಅನ್ನುವುದಕ್ಕೂ ಇದೇ ಉತ್ತರ. 1954 ಮತ್ತು 1955ರ ಟಾಪ್ಸ್ ಸೆಟ್‌ನಲ್ಲಿ ಮ್ಯಾಂಟಲ್ ಇಲ್ಲ, ಆಗ ಅವರು ಬೌಮನ್ ಜೊತೆ ಇದ್ದರು. ಸ್ಟ್ಯಾನ್ ಮ್ಯೂಸಿಯಲ್ ಟಾಪ್ಸ್‌ಗೆ ಬಂದದ್ದೇ 1958ರಲ್ಲಿ. ಮೌರಿ ವಿಲ್ಸ್ ದೊಡ್ಡ ಲೀಗ್‌ಗೆ ಬರುವ ಹುಡುಗನಲ್ಲ ಅಂತ ಟಾಪ್ಸ್ ಮೊದಲು ಕೈಬಿಟ್ಟಿತ್ತು. ಅವರು 1962ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. ಟಾಪ್ಸ್‌ನಲ್ಲಿ ಅವರ ಮೊದಲ ಕಾರ್ಡ್ ಬಂದದ್ದು 1967ಕ್ಕೆ.

ಇನ್ನೊಂದು ಹೇಳದೆ ಇರಲಾರೆ. 1959ರಲ್ಲಿ ಫ್ಲೀರ್ ಆಟಗಾರ ಟೆಡ್ ವಿಲಿಯಮ್ಸ್ ಬದುಕಿನ ಮೇಲೆ 80 ಕಾರ್ಡ್‌ಗಳ ಸೆಟ್ ಮಾಡಿತು. 68ನೇ ಕಾರ್ಡ್‌ನಲ್ಲಿ ಅವರು 1959ರ ಆಟಕ್ಕೆ ಸಹಿ ಹಾಕುತ್ತಿರುವ ಫೋಟೋ. ಪಕ್ಕದಲ್ಲಿ ತಂಡದ ಅಧಿಕಾರಿ ಬಕಿ ಹ್ಯಾರಿಸ್. ಹ್ಯಾರಿಸ್ ಅವರ ಚಿತ್ರದ ಹಕ್ಕು ಟಾಪ್ಸ್ ಹತ್ತಿರ ಇತ್ತು! ಫ್ಲೀರ್ ಆ ಕಾರ್ಡನ್ನು ವಾಪಸ್ ತೆಗೆಯಬೇಕಾಯಿತು. ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಚಿತ್ರವೇ ಇನ್ನೊಂದು ಕಾಂಟ್ರಾಕ್ಟ್‌ನಿಂದ ಅಪರೂಪವಾಯಿತು.

ಇದರಿಂದ ಆಟಗಾರರಿಗೆ ನ್ಯಾಯ ಸಿಕ್ಕಿತಾ?

ತಡವಾಗಿ ಸಿಕ್ಕಿತು. ಬೌಮನ್ ಕಾರ್ಡ್ ಒಡೆತನದ ಹೇಲನ್ ಲ್ಯಾಬೊರೇಟರೀಸ್ ಟಾಪ್ಸ್ ಮೇಲೆ ಹಾಕಿದ ದಾವೆಯಲ್ಲಿ 1953ರಲ್ಲಿ ತೀರ್ಪು ಬಂತು. ನ್ಯಾಯಾಧೀಶ ಜೆರೋಮ್ ಫ್ರಾಂಕ್ ಒಂದು ಹೊಸ ಮಾತು ಹೇಳಿದರು. ಮನುಷ್ಯನ ಚಿತ್ರಕ್ಕೆ ಇರುವ ಪ್ರಚಾರದ ಬೆಲೆ ಅವನ ಹಕ್ಕು, ಅದನ್ನು ಅವನು ಬೇರೆಯವರಿಗೆ ಕೊಡಬಹುದು ಅಂತ. ಅಮೆರಿಕದಲ್ಲಿ ಇವತ್ತು ನಟರು, ಆಟಗಾರರು ತಮ್ಮ ಮುಖದ ಹಕ್ಕಿಗೆ ಕೋರ್ಟಿಗೆ ಹೋದಾಗ ಆ ತೀರ್ಪನ್ನೇ ನೆನೆಯುತ್ತಾರೆ. ಎರಡು ಗಮ್ ಕಂಪನಿಗಳ ಜಗಳದಿಂದ ಬಂದದ್ದು ಅದು.

ದುಡ್ಡಿನ ವಿಷಯ ಬದಲಾದದ್ದು ಮಾರ್ವಿನ್ ಮಿಲ್ಲರ್ ಬಂದ ಮೇಲೆ. ಅವರು 1966ರಲ್ಲಿ ಆಟಗಾರರ ಸಂಘದ ಹೊಣೆ ಹೊತ್ತರು. ಟಾಪ್ಸ್ ಕಾಂಟ್ರಾಕ್ಟ್ ಮುಂದುವರಿಸಬೇಡಿ, ಫೋಟೋಗೆ ನಿಲ್ಲಬೇಡಿ ಅಂದರು. ಆಟಗಾರರು ಮಾತು ಕೇಳಿದರು. ಕೊನೆಗೆ ವರ್ಷಕ್ಕೆ 250 ಡಾಲರ್, ಜೊತೆಗೆ ಮಾರಾಟದಲ್ಲಿ ಪಾಲು: ಮೊದಲ 40 ಲಕ್ಷ ಡಾಲರ್‌ವರೆಗೆ ನೂರಕ್ಕೆ 8, ಅದರ ಮೇಲೆ ನೂರಕ್ಕೆ 10. 1969ರ ಸೆಟ್ ತೆಗೆದು ನೋಡಿ. ಎಷ್ಟೊಂದು ಹಳೆ ಫೋಟೋ, ಎಷ್ಟೊಂದು ಟೋಪಿ ಇಲ್ಲದ ತಲೆ! ಆ ಮುಷ್ಕರ ಅಲ್ಲೇ ಅಚ್ಚಾಗಿದೆ.

ತಂಡದ ಜೊತೆಗಿನ ಕಾಂಟ್ರಾಕ್ಟ್, ಕಾರ್ಡ್ ಕಂಪನಿ ಕಾಂಟ್ರಾಕ್ಟ್ ಎರಡೂ ಒಂದೇನಾ?

ಅಲ್ಲ, ಗೊಂದಲ ಮಾಡಿಕೊಳ್ಳಬೇಡಿ. ತಂಡದ್ದು ಸಂಬಳದ ಕರಾರು. ಎಲ್ಲರಿಗೂ ಒಂದೇ ಮಾದರಿಯ ಅಚ್ಚಾದ ಹಾಳೆ, ನಡುವೆ ಹೆಸರು ಮತ್ತು ಮೊತ್ತ ಟೈಪ್ ಆಗಿರುತ್ತದೆ. ತಂಡ, ಆಟಗಾರ, ಲೀಗ್ ಕಚೇರಿ ಅಂತ ಹಲವು ಪ್ರತಿ ಮಾಡುತ್ತಿದ್ದರು. ಹಾಗಾಗಿ ಒಂದೇ ಕರಾರಿನ ಎರಡು ಅಸಲಿ ಪ್ರತಿ ಕಂಡರೆ ಗಾಬರಿ ಬೇಡ. ಯಾರ ಫೈಲಿನ ಪ್ರತಿ ಅಂತ ಮಾತ್ರ ಕೇಳಿ.

1975ಕ್ಕಿಂತ ಹಿಂದಿನವು ಓದಲು ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿರುವ ರಿಸರ್ವ್ ಕಲಮಿನ ಬಲದಿಂದ ವರ್ಷ ಮುಗಿದರೂ ಆಟಗಾರ ಅದೇ ತಂಡಕ್ಕೆ ಕಟ್ಟುಬಿದ್ದಿರುತ್ತಿದ್ದ. ಆಟಗಾರ ಕರ್ಟ್ ಫ್ಲಡ್ ಅದನ್ನು ಒಪ್ಪದೆ ಸುಪ್ರೀಂ ಕೋರ್ಟ್‌ವರೆಗೆ ಹೋದರು, 1972ರಲ್ಲಿ ಸೋತರು. 1975ರ ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್ ಅವರು ಆಟಗಾರರಾದ ಆ್ಯಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಪರವಾಗಿ ತೀರ್ಪು ಕೊಟ್ಟಾಗ ಆ ಕಟ್ಟು ಬಿಚ್ಚಿತು. ಇಬ್ಬರೂ ಒಂದು ವರ್ಷ ಸಹಿ ಹಾಕದೇ ಆಡಿದ್ದರು. ಅಂದರೆ ಆ ವರ್ಷ ಅವರ ಕಾಂಟ್ರಾಕ್ಟ್ ಇಲ್ಲದಿರುವುದೇ ಚರಿತ್ರೆ.

ಎಲ್ಲಕ್ಕಿಂತ ಹೆಸರಾದ ಕಾಗದ ಬೇಬ್ ರೂತ್ ಅವರನ್ನು ಬಾಸ್ಟನ್ ತಂಡ ನ್ಯೂಯಾರ್ಕ್ ಯಾಂಕೀಸ್‌ಗೆ 1,00,000 ಡಾಲರ್‌ಗೆ ಮಾರಿದ ಕರಾರು. ತಾರೀಖು 1919ರ ಡಿಸೆಂಬರ್ 26. ಅದರ ಒಂದು ಪ್ರತಿ 2005ರಲ್ಲಿ 9,96,000 ಡಾಲರ್‌ಗೆ ಹರಾಜಾಯಿತು.

ಯಾವ ಪ್ರೂಫ್‌ಗೆ ಜಾಸ್ತಿ ಬೆಲೆ?

ಮಾರುಕಟ್ಟೆಗೆ ಬಂದ ಕಾರ್ಡ್‌ಗಿಂತ ಬೇರೆಯಾಗಿರುವ ಪ್ರೂಫ್‌ಗೆ. ರೆಗ್ಗಿ ಜಾಕ್ಸನ್ 1976ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಆಡಿದರು. ಆ ವರ್ಷದ ಕೊನೆಗೆ ಯಾಂಕೀಸ್ ಸೇರಿದರು. ಟಾಪ್ಸ್‌ನವರು ಫೋಟೋ ಮೇಲೆ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಯಾಂಕೀಸ್ ಬಟ್ಟೆ ಬರೆದು 1977ರ ಕಾರ್ಡ್ ಬಿಟ್ಟರು. ಅದಕ್ಕೂ ಮೊದಲು ಓರಿಯೋಲ್ಸ್ ಬಟ್ಟೆಯಲ್ಲೇ ಕೆಲವು ಪ್ರೂಫ್ ಆಗಿಹೋಗಿದ್ದವು. ಅವು ಇವತ್ತು ಈ ಹವ್ಯಾಸದ ಬಲು ದೊಡ್ಡ ಹೆಸರು.

ತಪ್ಪುಗಳೂ ಅಷ್ಟೇ ಚಂದ. 1957ರ ಹ್ಯಾಂಕ್ ಆರನ್ ಕಾರ್ಡ್‌ನಲ್ಲಿ ಅವರು ಎಡಗೈ ಬ್ಯಾಟ್ಸ್‌ಮನ್‌ನಂತೆ ನಿಂತಿದ್ದಾರೆ. ಅವರು ಬಲಗೈಯವರು. ನೆಗೆಟಿವ್ ಮಗುಚಿ ಇಟ್ಟಿದ್ದರು, ಅಷ್ಟೇ. 1990ರ ಟಾಪ್ಸ್ ಫ್ರಾಂಕ್ ಥಾಮಸ್ ಕಾರ್ಡ್‌ಗಳಲ್ಲಿ ಕೆಲವಕ್ಕೆ ಮುಂದೆ ಹೆಸರೇ ಇಲ್ಲ. ಅಚ್ಚಿನಲ್ಲಿ ಕಪ್ಪು ಶಾಯಿ ಒಂದು ಜಾಗದಲ್ಲಿ ಕೂರಲಿಲ್ಲ. ಅದೇ ಶೀಟ್‌ನ ಅಕ್ಕಪಕ್ಕದ ಕಾರ್ಡ್‌ಗಳಲ್ಲೂ ಕಪ್ಪು ಗೆರೆ ಅರ್ಧಂಬರ್ಧ ಮಾಯ. ಶೀಟ್‌ನಲ್ಲಿ ಇದ್ದ ಹಾಗೆ ಜೋಡಿಸಿದರೆ ತಪ್ಪು ಎಲ್ಲಿಂದ ಎಲ್ಲಿಗೆ ಹಬ್ಬಿತ್ತು ಅಂತ ಕಣ್ಣಿಗೇ ಕಾಣುತ್ತದೆ.

ಹೊಸ ಪ್ಯಾಕೆಟ್‌ಗಳಲ್ಲಿ ಬರುವ ಪ್ರಿಂಟಿಂಗ್ ಪ್ಲೇಟ್ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಿ, ತಪ್ಪಿಲ್ಲ. ಸಯಾನ್, ಮಜೆಂತಾ, ಹಳದಿ, ಕಪ್ಪು ಅಂತ ನಾಲ್ಕು ಲೋಹದ ಪ್ಲೇಟ್, ಒಂದೊಂದರ ಮೇಲೂ "1/1" (ಒಂದೇ ಒಂದು) ಅಂತ ಇರುತ್ತದೆ. ಆದರೆ ಅವನ್ನು ಸಂಗ್ರಹಕಾರರಿಗೆ ಅಂತಲೇ ಪ್ಯಾಕೆಟ್‌ಗೆ ಹಾಕಿರುತ್ತಾರೆ. ನನ್ನ ಮನಸ್ಸು ಯಾರೂ ಉಳಿಸಲು ಯೋಚಿಸದೆ ಉಳಿದುಹೋದ ಹಾಳೆಗಳ ಕಡೆಗೇ ಹೋಗುತ್ತದೆ.

ನಕಲಿ ಅಂತ ಗುರುತಿಸುವುದು ಹೇಗೆ?

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ಹಳೆ ಆಫ್‌ಸೆಟ್ ಅಚ್ಚಿನಲ್ಲಿ ಚಿತ್ರ ಬಣ್ಣದ ಚುಕ್ಕಿಗಳಿಂದ ಆಗಿರುತ್ತದೆ, ಆದರೆ ಕಪ್ಪು ಅಕ್ಷರ, ಕಪ್ಪು ಗೆರೆ ಗಟ್ಟಿಯಾಗಿರುತ್ತವೆ. ಅಕ್ಷರವೂ ಚುಕ್ಕಿಚುಕ್ಕಿಯಾಗಿ ಕಂಡರೆ ಯಾರೋ ಕಾರ್ಡನ್ನೇ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದಾರೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯಿರಿ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು ಅಂತ ಮಾರುವ ಕಾಗದ ನೀಲಿಯಾಗಿ ಹೊಳೆದರೆ ಕೈಬಿಡಿ. ಕಾಗದವನ್ನು ಹಾಗೆ ಬೆಳಗಿಸುವ ರಾಸಾಯನಿಕ ಆಗಿನ್ನೂ ಬಳಕೆಯಲ್ಲಿರಲಿಲ್ಲ.

ಹಿಂಬದಿ ಖಾಲಿ ಇರುವ "ಪ್ರೂಫ್" ಬಂದರೆ ದಪ್ಪ ನೋಡಿ. ಸಾಮಾನ್ಯ ಕಾರ್ಡಿನ ಹಿಂಬದಿ ಸುಲಿದು ಪ್ರೂಫ್ ಅಂತ ಮಾರುವವರಿದ್ದಾರೆ. ಸುಲಿದ ಕಡೆ ಮೇಲ್ಮೈ ನಯವಾಗಿರುವುದಿಲ್ಲ.

ಸಹಿ ವಿಷಯದಲ್ಲಿ ಸ್ವಂತ ಧೈರ್ಯ ಬೇಡ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ತರಹದ ಸಂಸ್ಥೆಗಳಿಂದ ಪರೀಕ್ಷೆ ಮಾಡಿಸಿ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ "ಆಪರೇಷನ್ ಬುಲ್‌ಪೆನ್" ಅನ್ನುವ ತನಿಖೆಯಲ್ಲಿ ಖೋಟಾ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಕಾಂಟ್ರಾಕ್ಟ್‌ನ ಒಂದು ಅನುಕೂಲ ಏನೆಂದರೆ ಅದರಲ್ಲಿ ಸಹಿಯೊಂದೇ ಇರುವುದಿಲ್ಲ. ತಾರೀಖು, ಸಾಕ್ಷಿ, ಟೈಪ್‌ರೈಟರ್ ಅಕ್ಷರ, ಸ್ವೀಕರಿಸಿದ ಮೊಹರು ಎಲ್ಲವೂ ಒಂದಕ್ಕೊಂದು ಹೊಂದಬೇಕು. ಬರೀ ಚೆಂಡಿನ ಮೇಲಿನ ಸಹಿಗಿಂತ ಇದನ್ನು ಖೋಟಾ ಮಾಡುವುದು ಕಷ್ಟ.

ಕದ್ದ ಮಾಲು ಬರುವ ಅಪಾಯ ಇದೆಯಾ?

ಇದೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಸ್ಪಾಲ್ಡಿಂಗ್ ಸಂಗ್ರಹದಿಂದ ಹಳೆ ಬೇಸ್‌ಬಾಲ್ ಪತ್ರಗಳು ಕಾಣೆಯಾಗಿವೆ. ಹಳೆ ಕಾಲದ ಆಟಗಾರ "ಶೂಲೆಸ್" ಜೋ ಜಾಕ್ಸನ್‌ಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ, ಅವರ ಸಹಿ ಬಹಳ ಅಪರೂಪ. ಅವರ ಸಹಿ ಇದ್ದ ಉಯಿಲನ್ನು ತಮಗೆ ಕೊಡಿ ಅಂತ ಎರಡು ಸೇವಾಸಂಸ್ಥೆಗಳು ಕೋರ್ಟಿಗೆ ಹೋದವು. ದಕ್ಷಿಣ ಕೆರೊಲಿನಾದ ಸುಪ್ರೀಂ ಕೋರ್ಟ್ ಅದು ಸಾರ್ವಜನಿಕ ದಾಖಲೆ, ಕಚೇರಿಯಲ್ಲೇ ಇರಬೇಕು ಅಂದಿತು. ಹಾಗಾಗಿ ಕೋರ್ಟ್, ಲೈಬ್ರರಿ, ಸರ್ಕಾರಿ ಕಚೇರಿಯ ಮೊಹರು ಇರುವ ಕಾಗದ ಕಂಡರೆ ಮೊದಲು ಅದು ಅಲ್ಲಿಂದ ಹೇಗೆ ಹೊರಬಂತು ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಎಷ್ಟೇ ಆಸೆಯಾದರೂ ಬಿಟ್ಟುಬಿಡಿ.

ಕತ್ತರಿಸದ ಶೀಟ್ ಸಿಕ್ಕಿದೆ. ಕತ್ತರಿಸಿ ಬಿಡಿ ಕಾರ್ಡ್ ಮಾಡಿ ಮಾರಬಹುದಾ?

ದಯವಿಟ್ಟು ಬೇಡ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಒಮ್ಮೆ ಪಾಲುದಾರರ ಜೊತೆ ಕೊಂಡಿದ್ದ, ಹಳೆ ಬೇಸ್‌ಬಾಲ್ ಆಟಗಾರ ಹೋನಸ್ ವಾಗ್ನರ್ ಅವರ ಕಾರ್ಡ್ ದಶಕಗಟ್ಟಲೆ ಲೋಕದ ಅತಿ ಅಂದದ ಕಾರ್ಡ್ ಅಂತ ಹೆಸರಾಗಿತ್ತು. ಅದರ ಅಂಚು ತಾನೇ ಕತ್ತರಿಸಿದ್ದು ಅಂತ ಹರಾಜುದಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ವಾಗ್ನರ್ ಅವರ ಇನ್ನೊಂದು ಚಿತ್ರ ಐದು ಆಟಗಾರರ ಚಿತ್ರ ಸಾಲಾಗಿ ಇರುವ ಪ್ರೂಫ್ ಕಾಗದದ ಪಟ್ಟಿಯಲ್ಲಿ ಉಳಿದಿದೆ. ಮುದುರಿದೆ, ಮಡಿಕೆ ಬಿದ್ದಿದೆ, ಆದರೆ ಯಾರೂ ಕತ್ತರಿಸಿಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಆ ಪಟ್ಟಿಯನ್ನೇ ಆರಿಸುತ್ತೇನೆ.

ಸಹಿಯ ಭಾಗ ಮಾತ್ರ ಕತ್ತರಿಸಿ ಹೊಸ ಕಾರ್ಡಿಗೆ ಅಂಟಿಸುವುದೂ ನನಗೆ ಸಹಿಸುವುದಿಲ್ಲ. 2003ರಲ್ಲಿ ಒಂದು ಕಾರ್ಡ್ ಕಂಪನಿ ಬೇಬ್ ರೂತ್ ತೊಟ್ಟಿದ್ದ ಅಂಗಿಯನ್ನು 2 ಲಕ್ಷ 64 ಸಾವಿರ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡು ತುಂಡುತುಂಡು ಮಾಡಿತು. ಚೆಕ್ಕು, ಪತ್ರಗಳಿಗೂ ಅದೇ ಗತಿ ಆಗುತ್ತಿದೆ. ಸಹಿ ಉಳಿಯುತ್ತದೆ, ಯಾವುದಕ್ಕೆ ಹಾಕಿದ ಸಹಿ ಅನ್ನುವುದು ಹೋಗುತ್ತದೆ.

ಮನೆಯಲ್ಲಿ ಹೇಗೆ ಇಡುವುದು?

ಪಿವಿಸಿ ಕವರ್ ಬೇಡವೇ ಬೇಡ. ನಾನು ಮೊದಲು ಕೊಂಡ ಕಾಂಟ್ರಾಕ್ಟನ್ನು ಅಂಥ ಕವರ್‌ನಲ್ಲಿ ಇಟ್ಟಿದ್ದೆ. ಎರಡು ವರ್ಷ ಕಳೆದು ತೆಗೆದಾಗ ಟೈಪ್ ಅಕ್ಷರ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಬಂತು. ಆ ಬೇಸರ ಇನ್ನೂ ಇದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್, ಆಮ್ಲ ಇಲ್ಲದ ರಟ್ಟು ಬಳಸಿ. ಬಿಸಿಲು ತಾಗುವ ಗೋಡೆಗೆ ಫ್ರೇಮ್ ಹಾಕಬೇಡಿ. ಗೋಡೆಗೆ ಒಳ್ಳೆಯ ಪ್ರತಿ ಹಾಕಿ, ಅಸಲಿಯನ್ನು ಕತ್ತಲಲ್ಲಿ ಇಡಿ.

ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಫಿಲ್ಮ್ ಹಾಳಾಗಲು ಶುರುವಾಗಿದೆ. ಅದನ್ನು ಬೇರೆ ಇಡಿ, ಪಕ್ಕದವಕ್ಕೂ ಹಬ್ಬುತ್ತದೆ. ತಣ್ಣನೆಯ ಒಣ ಜಾಗ ಬೇಕು, ಬೇಗ ಸ್ಕ್ಯಾನ್ ಮಾಡಿಸಿ. ಮಂಗಳೂರು, ಉಡುಪಿ, ಮಲೆನಾಡಿನ ಮನೆಗಳಿಗೆ ತರುವವರು ಮಳೆಗಾಲಕ್ಕೆ ಮೊದಲೇ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ ಸಿದ್ಧ ಮಾಡಿಕೊಳ್ಳಿ. ಬೂಷ್ಟು ಒಮ್ಮೆ ಹತ್ತಿದರೆ ಕಲೆ ಹೋಗುವುದಿಲ್ಲ. ಗೆದ್ದಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಕಡಿಮೆ ದುಡ್ಡಿನಲ್ಲಿ ಎಲ್ಲಿಂದ ಶುರು ಮಾಡಲಿ?

ಹೆಸರಿಲ್ಲದ ಆಟಗಾರನ ಕಾಂಟ್ರಾಕ್ಟ್‌ನಿಂದ. ತಾರೆಗಳ ಕಾಗದಕ್ಕೆ ಕೈ ಹಾಕುವಂತಿಲ್ಲ, ಆದರೆ ಸಾಮಾನ್ಯ ಆಟಗಾರರದ್ದು ಅದರ ಸಣ್ಣ ಪಾಲಿಗೆ ಸಿಗುತ್ತದೆ. ಹಾಳೆ, ನಿಯಮ, 5 ಡಾಲರ್ ಎಲ್ಲವೂ ಅವೇ. 1980ರ ದಶಕದ ಕತ್ತರಿಸದ ಶೀಟ್‌ಗಳೂ ಕೈಗೆಟುಕುತ್ತವೆ. ಟಾಪ್ಸ್ ಶೀಟ್‌ನಲ್ಲಿ 132 ಕಾರ್ಡ್ ಇರುತ್ತವೆ, 1982ರ ಸೆಟ್ ಹಾಗಾಗಿಯೇ 792 ಕಾರ್ಡ್, ಸರಿಯಾಗಿ 6 ಶೀಟ್.

ನನ್ನ ಹತ್ತಿರ ಒಬ್ಬ ಹುಡುಗನ ಕಾಂಟ್ರಾಕ್ಟ್ ಇದೆ. ಅವನಿನ್ನೂ ಅಪ್ರಾಪ್ತ ವಯಸ್ಸಿನವನು, ಅದಕ್ಕೆ ಕೆಳಗೆ ಅಪ್ಪನೂ ಸಹಿ ಹಾಕಿದ್ದಾನೆ. ಕಾಗದ ಹರಿಯುವಷ್ಟು ಒತ್ತಿ ಬರೆದ ಸಹಿ. ಹುಡುಗ ಮೇಜರ್ ಲೀಗ್ ಮುಟ್ಟಲಿಲ್ಲ, ಅವನ ಕಾರ್ಡ್ ಬರಲೇ ಇಲ್ಲ. ನನ್ನ ಸಂಗ್ರಹದಲ್ಲಿ ನಾನು ಮಾರದೇ ಇರುವ ಕಾಗದ ಅದು.

ನನ್ನ ಕಾಂಟ್ರಾಕ್ಟ್‌ನ ಫೋಟೋ ಎಲ್ಲರಿಗೂ ತೋರಿಸಬಹುದಾ?

ತೋರಿಸಿ, ಆದರೆ ಮನೆ ವಿಳಾಸ ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದಲ್ಲಿ ಒಬ್ಬೊಬ್ಬರಿಗೂ ಇರುವ ಸರ್ಕಾರಿ ನಂಬರ್) ಮುಚ್ಚಿ. ಎಷ್ಟೋ ಆಟಗಾರರು ಇನ್ನೂ ಬದುಕಿದ್ದಾರೆ, ಕೆಲವರ ಮಕ್ಕಳು ಅದೇ ಮನೆಯಲ್ಲಿದ್ದಾರೆ. ಮುಚ್ಚುವುದನ್ನು ಫೋಟೋ ಮೇಲೆ ಮಾಡಿ, ಕಾಗದದ ಮೇಲೆ ಪೆನ್ನು, ಟೇಪು ಯಾವುದನ್ನೂ ತಾಗಿಸಬೇಡಿ.